ಮೊಮ್ಮಕ್ಕಳ ಕೈ ಹಿಡಿದು ಪರದೇಶದ ಬಸ್ಸಿನಲ್ಲಿ



ಯಳಂದೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಬರುವ ತಿಂಗಳು ಸಿಂಗಪುರಕ್ಕೆ ಹೊರಟಿದ್ದಾಳೆ. ಮಗಳ ಬಾಣಂತನ. ದೊಡ್ಡ ಮೊಮ್ಮಕ್ಕಳಿಬ್ಬರನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸವೂ ಅವಳದೇ. ಮೊನ್ನೆ ಮನೆಗೆ ಬಂದವಳು, "ಅಕ್ಕಾ, ಬಾಣಂತನಕ್ಕೆ ನಂಗೆ ಭಯ ಇಲ್ಲ. ಮಕ್ಕಳನ್ನ ಕಟ್ಕೊಂಡು ಆ ಬಸ್ಸು ರೈಲು ಹತ್ತೋದು ಹೆಂಗೆ, ಅದನ್ನ ಹೇಳು" ಅಂದಳು. ನಿಮ್ಮಲ್ಲಿ ಅನೇಕರಿಗೂ ಇಂಥ ಪ್ರಸಂಗ ಬರಬಹುದು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯೂ ರೈಲಿಲ್ಲ. ರೈಲು ಹತ್ತಬೇಕಾದರೆ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ನಮಗೆ ಬಸ್ಸೇ ಎಲ್ಲ. ಮಾದಪ್ಪನ ಬೆಟ್ಟದ ಜಾತ್ರೆಯ ಬಸ್ಸನ್ನು ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಗಂಟು ಹಿಡಿದು ಹತ್ತಿದವಳಿಗೆ ಇನ್ಯಾವ ಬಸ್ಸು ಕಷ್ಟ ಎಂದುಕೊಂಡೇ ನಾನೂ ಹೋದೆ. ಹೋದ ಮೇಲೆ ನೋಡಿದರೆ ಅಲ್ಲಿ ಕಂಡಕ್ಟರೇ ಇಲ್ಲ! ಊರಿನ ಹೆಸರು ಕೂಗಿ ಇಳಿಸುವವರು ಯಾರೂ ಇಲ್ಲ.

ಅಲ್ಲಿಯ ಬಸ್ಸಿಗೂ ನಮ್ಮ ಹಾಗೆಯೇ ಕೈ ತೋರಿಸಬೇಕು. ಮುಂದಿನ ಬಾಗಿಲಲ್ಲಿ ಹತ್ತಿ, ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಬೇಕು. ಇಳಿಯುವ ಮೊದಲು ಗುಂಡಿ ಒತ್ತಿ, ಹಿಂದಿನ ಬಾಗಿಲಲ್ಲಿ ಮತ್ತೆ ಕಾರ್ಡು ಮುಟ್ಟಿಸಿ ಇಳಿಯಬೇಕು. ಇಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಓಡಾಡಿದ ನನಗೆ ಎರಡನೆಯ ಸಲ ಮುಟ್ಟಿಸುವುದು ಮರೆತೇ ಹೋಯಿತು. ಆ ಬಸ್ಸಿನ ಕೊನೆಯ ನಿಲ್ದಾಣದವರೆಗಿನ ದುಡ್ಡು ಕಾರ್ಡಿನಿಂದ ಹೋಯಿತು! 90 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗು ದೊಡ್ಡವರ ಜೊತೆಗಿದ್ದರೆ ಟಿಕೆಟ್ಟಿಲ್ಲ. ಅದಕ್ಕಿಂತ ಎತ್ತರದ ಮಕ್ಕಳಿಗೆ ಬೇರೆ ಕಾರ್ಡು ಬೇಕು. ಹೋದ ದಿನವೇ ಮಗಳಿಗೆ ಹೇಳಿ ಮಾಡಿಸಿಕೊಳ್ಳಿ.

ಬಸ್ಸು, ರೈಲಿನೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ದಂಡ ಹಾಕುತ್ತಾರೆ. ನಮ್ಮ ಮಕ್ಕಳಿಗೋ ಬಸ್ಸು ಹೊರಟ ಕೂಡಲೇ ಹಸಿವು. ಮನೆ ಬಿಡುವ ಮೊದಲೇ ಒಂದೊಂದು ಹುರಿಗಡಲೆ ಉಂಡೆ ತಿನ್ನಿಸಿ, ನೀರು ಕುಡಿಸಿ ಹೊರಡುವುದು ಲೇಸು.

ರೈಲಿನಲ್ಲಿ ಒಂದು ಅನುಕೂಲವಿದೆ. ಅಲ್ಲಿ ತಮಿಳಿನಲ್ಲೂ ಎಚ್ಚರಿಕೆ ಹೇಳುತ್ತಾರೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಷ್ಟೆ. ಅಮ್ಮನ ಬಾಯಿಂದ ಕಿವಿಗೆ ಬಿದ್ದಿದ್ದ ನಾಲ್ಕು ತಮಿಳು ಮಾತು ಸಮುದ್ರದಾಚೆ ಉಪಯೋಗಕ್ಕೆ ಬಂತು.

ಇನ್ನು ಮುಖ್ಯವಾದ ಮಾತು. ಒಂದು ದಿನ ಸ್ಟೇಷನ್ನಿನಲ್ಲಿ ನಾಲ್ಕು ವರ್ಷದ ಮೊಮ್ಮಗಳ ಚಪ್ಪಲಿ ಕಳಚಿತು. ಹಾಕಲೆಂದು ಎಂಟು ವರ್ಷದ ಮೊಮ್ಮಗನ ಕೈ ಬಿಟ್ಟೆ. ಅಷ್ಟರಲ್ಲಿ ರೈಲು ಬಂತು. ಅವನು ಒಳಗೆ, ನಾವು ಹೊರಗೆ. ಬಾಗಿಲು ಮುಚ್ಚಿಯೇ ಬಿಟ್ಟಿತು. ಗಾಜಿನಾಚೆ ಅವನ ಮುಖ ಸರಿದುಹೋದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಆದರೆ ಮಗಳು ಅವನಿಗೆ ಮೊದಲೇ ಹೇಳಿಕೊಟ್ಟಿದ್ದಳು: "ರೈಲಿನಲ್ಲಿ ನೀನೊಬ್ಬನೇ ಉಳಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿ. ಇಳಿದಲ್ಲೇ ನಿಂತಿರು. ಹೊರಗೆ ಉಳಿದರೆ ಅಲ್ಲೇ ನಿಲ್ಲು, ಅಜ್ಜಿ ಬರ್ತಾಳೆ." ಅವಳು ಹೇಳುವಾಗ ನಾನು ನಕ್ಕಿದ್ದೆ. ಮುಂದಿನ ರೈಲು ಹತ್ತಿ ಹೋದರೆ, ಚೀಲ ಎದೆಗವಚಿಕೊಂಡು ಕಂಬದ ಹತ್ತಿರ ನಿಂತಿದ್ದಾನೆ! "ಅಜ್ಜೀ, ನೀನ್ಯಾಕೆ ಹಿಂದೆ ಉಳಿದೆ?" ಎಂದು ನನ್ನನ್ನೇ ಕೇಳಿದ. ಆಮೇಲೆ ಅತ್ತವಳು ನಾನು. ಮನೆಗೆ ಬಂದು ಮಗಳಿಗೆ ಮುಚ್ಚಿಡದೆ ಹೇಳಿದೆ. ನೀವೂ ಮುಚ್ಚಿಡಬೇಡಿ; ಮಕ್ಕಳು ಹೇಗೂ ಹೇಳಿಬಿಡುತ್ತವೆ.

ಆ ರಾತ್ರಿ ನಮ್ಮೂರ ಬಸ್ ಸ್ಟ್ಯಾಂಡು ನೆನಪಾಯಿತು. 1970ರ ದಶಕದಲ್ಲಿ ಒಡೆಯರಪಾಳ್ಯದಲ್ಲಿ ಟಿಬೆಟ್ಟಿನವರಿಗೆ ಊರು ಕಟ್ಟಿಕೊಟ್ಟರು. ಬೆನ್ನಿಗೊಂದು ಮಗು ಕಟ್ಟಿ, ಇನ್ನೊಂದರ ಕೈ ಹಿಡಿದು, ಯಾರೋ ಬರೆದುಕೊಟ್ಟ ಚೀಟಿಯ ಅಕ್ಷರಗಳನ್ನು ಬಸ್ಸಿನ ಬೋರ್ಡಿನೊಂದಿಗೆ ಒಂದೊಂದಾಗಿ ಹೋಲಿಸಿ ನೋಡುತ್ತಿದ್ದ ಒಬ್ಬ ತಾಯಿಯನ್ನು ಚಿಕ್ಕಂದಿನಲ್ಲಿ ನಾನು ಕಂಡಿದ್ದೆ. ನಾವು ಹುಡುಗಿಯರು ಮುಸಿಮುಸಿ ನಕ್ಕಿದ್ದೆವು. ಆಕೆಗೆ ನಮ್ಮೂರೇ ಪರದೇಶ ಎಂದು ಆಗ ಹೊಳೆಯಲಿಲ್ಲ.

ಈಗ ನನ್ನ ಕೈಚೀಲದಲ್ಲೂ ಅಂಥದೇ ಚೀಟಿ. ಮನೆಯ ವಿಳಾಸ, ಬಸ್ಸಿನ ನಂಬರು, ಮಗಳ ಫೋನು. ಅಂಥದೇ ಒಂದೊಂದು ಮಕ್ಕಳ ಜೇಬಿನಲ್ಲೂ ಇರಲಿ. ಸಾಮಾನು ಹೆಗಲಿಗಿರಲಿ, ಎರಡು ಕೈಯೂ ಮಕ್ಕಳಿಗಿರಲಿ. ಚಪ್ಪಲಿ ಹೋದರೆ ಹೋಗಲಿ.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲಾಗದೆ ನಿಂತ ತಾಯಿ ಕಂಡರೆ ನೀವಾಗಿಯೇ ಹೋಗಿ ಕೇಳಿ, "ಯಾವೂರಿಗಮ್ಮಾ?" ಎಂದು. ನಿಮ್ಮ ಮಗಳೋ ತಂಗಿಯೋ ಎಲ್ಲೋ ಒಂದು ಕಡೆ ಹಾಗೇ ನಿಂತಿರಬಹುದು.