ಮಗುವಿನ ಲಸಿಕೆಯ ದಿನ ತಾಯಿಯನ್ನೂ ಪರೀಕ್ಷಿಸಿ

ಪುಣೆಯಲ್ಲಿರುವ ಕನ್ನಡದ ತಾಯಂದಿರಿಗೆ, ಅವರ ಮನೆಯವರಿಗೆ, ಅವರಿಗೆ ಕೆಲಸ ಕೊಡುವವರಿಗೆ

ಮಗುವಿಗೆ ಒಂದೂವರೆ ತಿಂಗಳು ತುಂಬಿದರೆ ಸಾಕು, ಮಹಾನಗರಪಾಲಿಕೆಯ ದವಾಖಾನೆಗೆ ಎತ್ತಿಕೊಂಡು ಹೊರಡುತ್ತೇವೆ. ತೂಕ ನೋಡುತ್ತಾರೆ, ತೊಡೆಗೆ ಸೂಜಿ ಚುಚ್ಚುತ್ತಾರೆ, ಬಾಯಿಗೆ ಹನಿ ಹಾಕುತ್ತಾರೆ, ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದುಕೊಡುತ್ತಾರೆ. ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ತಾಯಿಗೆ ಅಷ್ಟೂ ಹೊತ್ತು ಕೆಳಗೆ ಏನೋ ಜಗ್ಗುತ್ತಿರುತ್ತದೆ. ಕೆಮ್ಮಿದರೆ ಒಂದೆರಡು ಹನಿ ಉಚ್ಚೆ ಸೀರೆಗೆ ಇಳಿಯುತ್ತದೆ. ಸಂಜೆಯಾದರೆ ಮೆತ್ತನೆಯ ಗಡ್ಡೆಯಂಥದ್ದು ಕೈಗೆ ಹತ್ತುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಅವಳನ್ನು ಯಾರೂ ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ. ಮನೆಯಲ್ಲಿ ಹೇಳಿದರೆ ಅತ್ತೆಯ ಉತ್ತರ ಸಿದ್ಧವಿರುತ್ತದೆ: “ಹಡೆದ ಮ್ಯಾಲೆ ಹಂಗ ಆಗೂದ ಬಿಡವ್ವಾ, ನಮಗೂ ಆಗಿತ್ತು.”

ಅತ್ತೆ ಸುಳ್ಳು ಹೇಳುತ್ತಿಲ್ಲ, ಆಕೆಗೂ ಆಗಿತ್ತು. ಆಕೆಯನ್ನೂ ಯಾರೂ ನೋಡಲಿಲ್ಲ. ಇದೇ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ 100ಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಒಳಪರೀಕ್ಷೆ ಮಾಡಿಸಿಕೊಂಡಿದ್ದವರು 100ಕ್ಕೆ 8 ಮಂದಿ ಮಾತ್ರ.

ನಮ್ಮ ಬೇಡಿಕೆ ಇಷ್ಟೇ: ಮಗುವಿಗೆ ಒಂದೂವರೆ ತಿಂಗಳಿಗೆ ಮೊದಲ ಪೆಂಟಾ ಸೂಜಿ ಹಾಕುವ ದಿನ, ಅದೇ ದವಾಖಾನೆಯಲ್ಲಿ, ತಾಯಿಗೂ ಒಳಪರೀಕ್ಷೆ ಆಗಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಒಂದು ಪರದೆ, ಒಂದು ಮಂಚ, ಕೈಗವಸು, ನೋಡಲು ಕಲಿತ ಒಬ್ಬ ಡಾಕ್ಟರ್ ಅಥವಾ ಸಿಸ್ಟರ್ ಇದ್ದರೆ ಸಾಕು. ಬಸುರಿಯರಿಗಾಗಿ ಪ್ರತಿ ತಿಂಗಳ 9ನೇ ತಾರೀಖನ್ನು ಸರ್ಕಾರ 2016ರಲ್ಲೇ ಗೊತ್ತುಮಾಡಿದೆ. ಹೆತ್ತವಳಿಗೆ ಅಂಥ ತಾರೀಖಿಲ್ಲ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುತ್ತಾಳೆ, ನಿಜ. ಆದರೆ ಅವಳ ಚೀಲದಲ್ಲಿರುವುದು ಮಗುವಿನ ತಕ್ಕಡಿ. ಆರನೆಯ ವಾರ ತಾಯಿ-ಮಗು ಇಬ್ಬರನ್ನೂ ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮತ್ತೊಮ್ಮೆ ಹೇಳಿದೆ. ಪಾಲಿಕೆ ಈ ಪದ್ಧತಿ ತರುವವರೆಗೆ ನಾವೇ ಬಾಯಿ ಬಿಡೋಣ. ಮರಾಠಿ ಸರಿಯಾಗಿ ಬಾರದಿದ್ದರೂ “ಅಂಗ್ ಬಾಹೇರ್ ಯೇತಂ” ಎಂದರೆ ಸಾಕು, ಸಿಸ್ಟರ್‌ಗೆ ಅರ್ಥವಾಗುತ್ತದೆ. ನಮ್ಮೂರ ಕಡೆ ಮೈ ಹೊರಗೆ ಬರುವುದು ಎನ್ನುತ್ತೇವಲ್ಲ, ಅದೇ.

ಆಗುವುದೇನು? ಗರ್ಭಕೋಶ, ಮೂತ್ರಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಹೊತ್ತುಕೊಂಡಿರುವುದು ಸೊಂಟದ ಎಲುಬುಗಳ ನಡುವೆ ಹರಡಿದ ಸ್ನಾಯುಗಳ ಪದರ. ಬಿಲ್ಡಿಂಗ್ ಸೈಟಿನಲ್ಲಿ ಎರಡು ಕಂಬಗಳ ನಡುವೆ ಹಳೆಯ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿಯಂತೆ ಅದು. ಹೆರಿಗೆಯಲ್ಲಿ ಮಗುವಿನ ತಲೆ ದಾಟುವಾಗ ಆ ಜೋಲಿ ವಿಪರೀತ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಮಗು ದೊಡ್ಡದಿದ್ದರೆ, ಇಕ್ಕಳ ಹಾಕಿ ಎಳೆದಿದ್ದರೆ, ಮೇಲಿಂದ ಮೇಲೆ ಹೆರಿಗೆಯಾಗಿದ್ದರೆ ಅಪಾಯ ಹೆಚ್ಚು. ಹೆರಿಗೆಯ ಹೊತ್ತಿನಲ್ಲಿ ಹೊಟ್ಟೆಯನ್ನು ಮೇಲಿನಿಂದ ಒತ್ತಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದರೂ “ಲಗೂನ ಆಗಲಿ” ಎಂದು ಒತ್ತುವವರು ಇನ್ನೂ ಇದ್ದಾರೆ. ಹಿಗ್ಗಿದ ಸ್ನಾಯು ತಿಂಗಳುಗಳು ಕಳೆದಂತೆ ಬಹಳ ಮಟ್ಟಿಗೆ ತಾನಾಗಿ ಬಿಗಿಯಾಗುತ್ತದೆ. ಅದಕ್ಕೆ ಬೇಕಾದ ಬಿಡುವನ್ನು ನಾವು ಕೊಡುತ್ತೇವೆಯೇ ಎಂಬುದೇ ಪ್ರಶ್ನೆ.

ಇಲ್ಲಿ ನಮ್ಮ ಬಾಣಂತನದ ಬಗ್ಗೆ ಒಂದು ಮಾತು. ಅಂಟಿನುಂಡೆ, ಅಳವಿ ಪಾಯಸ, ಎಣ್ಣೆ ನೀರು, ತಿಂಗಳುಗಟ್ಟಲೆ ತವರಿನ ವಿಶ್ರಾಂತಿ: ನಮ್ಮ ಅಜ್ಜಿಯರು ಕಟ್ಟಿಕೊಟ್ಟ ಇದಕ್ಕಿಂತ ಒಳ್ಳೆಯ ರಜೆಯನ್ನು ಯಾವ ಕಂಪನಿಯೂ ಕೊಟ್ಟಿಲ್ಲ. ಆದರೆ ಬಾಣಂತಿಗೆ ನೀರು ಕಡಿಮೆ, ಸೊಪ್ಪು-ತರಕಾರಿ ನಂಜು ಎನ್ನುವ ಪಥ್ಯವನ್ನು ಬಿಡಬೇಕು. ನೀರು, ನಾರು ಇಲ್ಲದೆ ಹೊಟ್ಟೆ ಕಟ್ಟುತ್ತದೆ. ದಿನಾ ತಿಣುಕಿದರೆ ಆ ಒತ್ತಡವೆಲ್ಲ ಬೀಳುವುದು ಸಡಿಲಾದ ಜಾಗದ ಮೇಲೆಯೇ. ಹೊಟ್ಟೆಗೆ ಬಟ್ಟೆ ಬಿಗಿದರೆ ಬೆನ್ನಿಗೆ ಹಾಯೆನಿಸಬಹುದು, ಗರ್ಭಕೋಶವನ್ನು ಮಾತ್ರ ಅದು ಮೇಲೆತ್ತದು.

ತವರಿಗೆ ಹೋಗಲಾಗದವರ ಗತಿಯೇನು? ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ವಾಕಡ್, ಹಿಂಜವಡಿ, ಮೋಶಿಯ ಲೇಬರ್ ಕ್ಯಾಂಪುಗಳಲ್ಲಿ ತಗಡಿನ ಕೆಳಗೆ ಬದುಕುವವರನ್ನು ಕೇಳಿ. ಬೆಳಿಗ್ಗೆ ಡಾಂಗೆ ಚೌಕದ ಮಜೂರ್ ಅಡ್ಡಾದಲ್ಲಿ ನಿಲ್ಲದಿದ್ದರೆ ಸಂಜೆ ಒಲೆ ಹತ್ತುವುದಿಲ್ಲ. ಒಂದು ಇಟ್ಟಿಗೆ ಸುಮಾರು 3 ಕಿಲೋ. ತಲೆಯ ಮೇಲೆ ಹತ್ತು ಇಟ್ಟಿಗೆ ಪೇರಿಸಿಕೊಂಡು ಮೆಟ್ಟಿಲು ಹತ್ತುವವಳು ಒಂದೊಂದು ಸಲಕ್ಕೆ 30 ಕಿಲೋ ಹೊರುತ್ತಾಳೆ. ಸಂಜೆ ಟ್ಯಾಂಕರಿನಿಂದ ತುಂಬಿ ತರುವ ಕೊಡಗಳು ಬೇರೆ. ಹೆರಿಗೆಯಾದ ಮೊದಲ ಆರು ವಾರ ಹೆಂಗಸನ್ನು ಕೆಲಸಕ್ಕೆ ಹಚ್ಚಬಾರದೆಂಬುದು 1961ರಿಂದ ಇರುವ ಕಾನೂನು. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯದ ಹಕ್ಕಿದೆ ಎಂದು ದೆಹಲಿ ಪಾಲಿಕೆಯ ಕೂಲಿ ಹೆಂಗಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ. ಊರು ಯಾವುದೇ ಇರಲಿ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವಳು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಹೆಸರಿದ್ದರೆ ಹೆರಿಗೆಗೂ ಮಂಡಳಿಯಿಂದ ಹಣ ಸಿಗುತ್ತದೆ. ಬಸುರಿಯಾದ ಮೇಲೆ ಓಡಾಡುವ ಬದಲು ಈಗಲೇ ಕಾರ್ಡು ಮಾಡಿಸಿಡಿ. ಮುಕಾದಮರಿಗೂ ಒಂದು ಮಾತು: ಆ ಆರು ವಾರ ಕಳೆದ ಮೇಲೆ ಬಾಣಂತಿಗೆ ಕೆಲಸ ಕೊಡಲೇಬೇಕಾದರೆ ನೀರು ಹೊಡೆಯುವ, ಕಸ ಗುಡಿಸುವ ಕೆಲಸ ಕೊಡಿ. ಅವಳ ತಲೆಗೆ ಗಮೇಲಾ ಏರಿಸಬೇಡಿ.

ಇನ್ನು ವ್ಯಾಯಾಮ. ದುಡ್ಡು ಬೇಡ, ಜಾಗ ಬೇಡ, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಮುಂದಕ್ಕೆ ಒಳಗೆ ಬಿಗಿಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಮೊದಮೊದಲು ಮೂರು ಎಣಿಸುವುದರಲ್ಲಿ ಸೋಲುತ್ತದೆ, ಪರವಾಗಿಲ್ಲ. ಬರಬರುತ್ತಾ ಹತ್ತು ಎಣಿಸುವವರೆಗೆ ಹಿಡಿಯಿರಿ, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಒಂದು ಸರದಿಗೆ ಎಂಟು-ಹತ್ತು ಸಲ, ದಿನಕ್ಕೆ ಮೂರು ಸರದಿ. ಮಗುವಿಗೆ ಮೊಲೆ ಕೊಡುವಾಗ ಒಂದು, ನೀರಿನ ಪಾಳಿಯಲ್ಲಿ ನಿಂತಾಗ ಒಂದು, ರಾತ್ರಿ ಮಲಗಿದಾಗ ಒಂದು. ಉಚ್ಚೆ ಹೊಯ್ಯುತ್ತಾ ನಡುವೆ ತಡೆಯುವ ಅಭ್ಯಾಸ ಬೇಡ. ಕೆಮ್ಮುವ, ಸೀನುವ, ಕೊಡ ಎತ್ತುವ ಮುಂಚೆಯೂ ಒಮ್ಮೆ ಬಿಗಿಹಿಡಿಯಿರಿ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಎಂಟು ದಿನ ಮಾಡಿ “ಏನೂ ಆಗಲಿಲ್ಲ” ಎಂದು ಬಿಡುವವರೇ ಹೆಚ್ಚು. ಹೇಳಿಕೊಡುವವರಿದ್ದು ಈ ವ್ಯಾಯಾಮ ಮಾಡಿದರೆ ಜಗ್ಗುವ ತೊಂದರೆ ತಗ್ಗುತ್ತದೆಂದು 447 ಹೆಂಗಸರನ್ನು ಗಮನಿಸಿದ ಅಧ್ಯಯನವೊಂದು 2014ರಲ್ಲಿ ತೋರಿಸಿದೆ. ಆದ್ದರಿಂದ ಸರಿಯಾಗಿ ಮಾಡುತ್ತಿದ್ದೀರೋ ಇಲ್ಲವೋ ಎಂದು ಒಮ್ಮೆ ಫಿಸಿಯೋಥೆರಪಿಯವರಿಗೆ ತೋರಿಸಿಕೊಳ್ಳಿ.

ಗರ್ಭಕೋಶ ಪೂರ್ತಿ ಹೊರಗೆ ಬಂದಿದ್ದರೆ ವ್ಯಾಯಾಮವೊಂದೇ ಅದನ್ನು ಒಳಗೆ ಕಳಿಸದು. ಆಗ ರಿಂಗ್ ಇದೆ. ಮೆತ್ತನೆಯ ಸಿಲಿಕೋನ್ ಬಳೆಯನ್ನು ಡಾಕ್ಟರು ಒಳಗೆ ಕೂಡಿಸುತ್ತಾರೆ, ಅದು ಜಾರಿದ ಅಂಗಕ್ಕೆ ಆಸರೆ ಕೊಡುತ್ತದೆ. ಸರಿಯಾಗಿ ಕೂತರೆ ಇದ್ದದ್ದೇ ತಿಳಿಯುವುದಿಲ್ಲ. ಮೊಲೆಯೂಡಿಸಲು ಅಡ್ಡಿಯಿಲ್ಲ, ಇನ್ನೊಂದು ಮಗು ಬೇಕೆನ್ನುವವರಿಗೂ ಇದೇ ದಾರಿ. ಕಾಲಕಾಲಕ್ಕೆ ತೆಗೆದು ತೊಳೆದು, ಹುಣ್ಣಾಗಿದೆಯೇ ಎಂದು ತೋರಿಸಿಕೊಳ್ಳಬೇಕು, ಅಷ್ಟೇ. ಇಷ್ಟು ಸರಳವಾದ ವಸ್ತುವಿನ ಹೆಸರನ್ನೇ ನಮ್ಮ ಬಹಳಷ್ಟು ಹೆಂಗಸರು ಕೇಳಿಲ್ಲ ಎನ್ನುವುದು ನಮಗೆ ಸಿಟ್ಟು ತರಿಸುವ ಸಂಗತಿ. ಆದರೆ ಉಚ್ಚೆ ಪೂರಾ ಕಟ್ಟಿದರೆ, ಹೊರಬಂದ ಭಾಗ ಹುಣ್ಣಾಗಿ ರಕ್ತ ಬಂದರೆ, ವಾಸನೆಯ ಸ್ರಾವದ ಜೊತೆ ಜ್ವರ ಬಂದರೆ ಅದೇ ದಿನ ಸಸೂನ್ ಆಸ್ಪತ್ರೆಗೋ ಮಂಗಳವಾರ ಪೇಟೆಯ ಕಮಲಾ ನೆಹರೂ ಆಸ್ಪತ್ರೆಗೋ ಹೋಗಿ.

ರಿಂಗಿನ ಹೆಸರು ಕೇಳದ ನಮ್ಮ ಹೆಂಗಸರು ಕೇಳಿರುವುದೆಲ್ಲ ಒಂದೇ ಮಾತು: “ಚೀಲ ತೆಗೆಸಿಬಿಡು.” ಚೀಲವೆಂದರೆ ಗರ್ಭಕೋಶ. ಕಲಬುರಗಿಯ ತಾಂಡಾಗಳಲ್ಲಿ, ಬೀಡ್ ಜಿಲ್ಲೆಯ ಕಬ್ಬು ಕಡಿಯುವವರ ಊರುಗಳಲ್ಲಿ ಹರೆಯದ ಹೆಂಗಸರ ಗರ್ಭಕೋಶಗಳನ್ನು ಸಾಲುಸಾಲಾಗಿ ತೆಗೆದ ಕಥೆ ಪತ್ರಿಕೆಗಳಲ್ಲಿ ಬಂದಿದೆ. ಬೇರೆ ರಾಜ್ಯಗಳ ಇಂಥದೇ ದೂರಿನ ಮೇಲೆ, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಗರ್ಭಕೋಶ ತೆಗೆದ ಮೇಲೂ ಯೋನಿಯ ಮೇಲ್ತುದಿ ಜಾರಿ ಇಳಿಯಬಹುದು. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ಎಲುಬು ಸವೆತ, ಮೈ ಉರಿ ಮೂವತ್ತಕ್ಕೇ ಗಂಟು ಬೀಳುತ್ತದೆ. ಗರ್ಭಕೋಶವನ್ನು ಉಳಿಸಿಕೊಂಡೇ ಮೇಲೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಮುಂಬಯಿಯ ಡಾ. ವಿ.ಎನ್. ಶಿರೋಡ್ಕರ್ ಕಳೆದ ಶತಮಾನದಲ್ಲೇ ರೂಪಿಸಿದರು. ಬಾಲ್ಯದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಓದಿದವರು ಅವರು.

ಹಾಗಂತ ಆಪರೇಷನ್ನೇ ಬೇಡವೆಂದು ನಾವು ಹೇಳುತ್ತಿಲ್ಲ. ಮಕ್ಕಳು ಸಾಕು ಎಂದಾದ ಮೇಲೆ, ವ್ಯಾಯಾಮ, ರಿಂಗ್ ಎರಡರಿಂದಲೂ ನೀಗದಿದ್ದರೆ ಅದು ಸರಿಯಾದ ದಾರಿಯೇ. ಒಪ್ಪಿ ಸಹಿ ಮಾಡುವ ಮೊದಲು ಡಾಕ್ಟರನ್ನು ಕೇಳಿ: ಜಾರಿರುವುದು ಯಾವ ಅಂಗ, ಎಷ್ಟು? ರಿಂಗ್ ಹಾಕಿ ನೋಡಬಹುದೇ? ಚೀಲ ಉಳಿಸಿ ಮೇಲೆ ಕಟ್ಟಲು ಬರುವುದೇ? ಅಂಡಾಶಯ ಮುಟ್ಟುತ್ತೀರಾ? ಉತ್ತರ ಕೊಡದೆ ಗದರಿಸಿದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಇದು ಒಂದೆರಡು ವಾರ ತಡೆದರೆ ಜೀವ ಹೋಗುವ ರೋಗವಲ್ಲ. ಆಪರೇಷನ್ ಆದವರು ಎಷ್ಟು ವಾರ ಭಾರ ಎತ್ತಬಾರದು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಮರಾಠಿಯಲ್ಲೇ ಬರೆಸಿಕೊಳ್ಳಿ. ಮುಕಾದಮನಿಗೆ ಕೊಡಲು ಅದರದೊಂದು ಝೆರಾಕ್ಸ್ ತೆಗೆಸಿಟ್ಟುಕೊಳ್ಳಿ.