ಕಾಮಾಲೆಯ ಜಾಡು ಹಿಡಿದು

ಬೇಗಂ ಬಜಾರಿಗೆ ಹೋದವರು ಸ್ಟೀಲಿನ ಕೊಡ, ಹಿತ್ತಾಳೆ ಬಿಂದಿಗೆ, ದ್ರಾಕ್ಷಿ-ಗೋಡಂಬಿ ನೋಡುತ್ತಾರೆ. ನಾನು ಈಚೆಗೆ ಅಲ್ಲಿನ ಓಣಿಗಳಲ್ಲಿ ನೆಲ ನೋಡುತ್ತ ನಡೆಯುತ್ತೇನೆ. ನೀರಿನ ಕೊಳವೆ ಎಲ್ಲಿದೆ, ಮೋರಿ ಎಲ್ಲಿದೆ, ಎರಡೂ ಎಲ್ಲಿ ಒಂದನ್ನೊಂದು ದಾಟುತ್ತವೆ ಎಂದು ಹುಡುಕುತ್ತೇನೆ. ಇದಕ್ಕೆ ಕಾರಣ ಒಂದು ಕಾಮಾಲೆ.

ಕಲಬುರಗಿ ಕಡೆಯ ಪರಿಚಿತ ಕುಟುಂಬವೊಂದು ಅಲ್ಲೇ ಹತ್ತಿರ ಬಾಡಿಗೆಗಿದೆ. ಕಿರಿಯ ಮಗನ ಕಣ್ಣು ಹಳದಿಯಾಯಿತು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಇ ಎಂದು ಬಂತು. “ಮೊನ್ನೆ ಬಂಡಿ ಮ್ಯಾಲ ಪಾನಿಪುರಿ ತಿಂದಾನ್ರಿ, ಅದಕ್ಕೇ ಕಾಮಣಿ ಆತು,” ಎಂದರು ತಾಯಿ. ಆದರೆ ಈ ವೈರಸ್ ಮೈಗೆ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 2ರಿಂದ 10 ವಾರ ಬೇಕು. ಮೊನ್ನೆಯ ಪಾನಿಪುರಿಯದು ತಪ್ಪಲ್ಲ. ಕೇಳಬೇಕಾದದ್ದು, ಕಳೆದ ಎರಡು ತಿಂಗಳಲ್ಲಿ ಹುಡುಗ ಎಲ್ಲೆಲ್ಲಿ ಯಾವ ನೀರು ಕುಡಿದ ಎಂದು.

ಹೈದರಾಬಾದ್ ಈ ಪ್ರಶ್ನೆಯನ್ನು 2005ರಲ್ಲೇ ಕೇಳಿತ್ತು. ಆ ವರ್ಷ ನಗರದಲ್ಲಿ ಕಾಮಾಲೆ ಹಬ್ಬಿ, 1,600ಕ್ಕೂ ಹೆಚ್ಚು ಜನ ಮಲಗಿದರು. ತನಿಖೆಗೆ ಬಂದವರು ರೋಗಿಗಳ ಮನೆಗಳನ್ನು ನೀರು ಸರಬರಾಜಿನ ಜಾಲದ ಜೊತೆ ಹೋಲಿಸಿದರು. ತೆರೆದ ಚರಂಡಿ ದಾಟಿ ಬರುವ ಕೊಳವೆಗಳ ನೀರು ಕುಡಿಯುವ ಕಡೆ ಕಾಯಿಲೆ ಉಳಿದ ಕಡೆಗಿಂತ ಹಲವು ಪಟ್ಟು ಹೆಚ್ಚಿತ್ತು.

ಇದು ಹೇಗೆ ಆಗುತ್ತದೆ? ನೀರು ಬಿಟ್ಟಿರುವಾಗ ಕೊಳವೆಯೊಳಗೆ ಒತ್ತಡವಿರುತ್ತದೆ, ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಒತ್ತಡ ಇಳಿದು, ಅದೇ ಬಿರುಕಿನಿಂದ ಹೊರಗಿನ ಕೊಳಚೆ ಒಳಗೆ ಬರುತ್ತದೆ. ನಲ್ಲಿಗೇ ನೇರವಾಗಿ ಮೋಟರ್ ಜೋಡಿಸಿ ಎಳೆದರಂತೂ ಅದು ಇನ್ನೂ ಸಲೀಸು. 1955-56ರಲ್ಲಿ ಯಮುನೆಗೆ ಸೇರಿದ ಕೊಳಚೆ ದೆಹಲಿಯ ನೀರು ಸರಬರಾಜಿಗೆ ನುಗ್ಗಿದಾಗ ಸುಮಾರು 29,000 ಜನರಿಗೆ ಕಾಮಾಲೆಯಾಗಿತ್ತು. ಅದೂ ಇದೇ ವೈರಸ್ಸಿನ ಕೆಲಸ ಎಂದು ತಿಳಿದದ್ದು ದಶಕಗಳ ನಂತರ.

ಹಂದಿಯಿಂದಲೂ ಇದು ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಯುರೋಪು, ಜಪಾನಿನಲ್ಲಿ ಸರಿಯಾಗಿ ಬೇಯದ ಹಂದಿ, ಜಿಂಕೆ ಮಾಂಸದಿಂದ ಹರಡಿದ್ದುಂಟು. ಅಲ್ಲಿನದು ವೈರಸ್ಸಿನ 3 ಮತ್ತು 4ನೇ ಬಗೆ. ನಮ್ಮ ದೇಶದಲ್ಲಿ ಹಂದಿಗಳಲ್ಲಿ ಸಿಕ್ಕಿದ್ದು ಹೆಚ್ಚಾಗಿ 4ನೇ ಬಗೆಯಾದರೆ, ರೋಗಿಗಳಲ್ಲಿ ಸಿಗುವುದು ಮನುಷ್ಯರಲ್ಲಷ್ಟೇ ಹರಡುವ 1ನೇ ಬಗೆ. ಅಂದರೆ ಇಲ್ಲಿ ಜಾಡು ಮನುಷ್ಯರ ಮಲದಿಂದ ಹೊರಟು ಕುಡಿಯುವ ನೀರಿಗೇ ಬಂದು ಸೇರುತ್ತದೆ.

ಹುಡುಗ ಕೆಲವೇ ವಾರಗಳಲ್ಲಿ ಚೇತರಿಸಿಕೊಂಡ. ನನಗೆ ಭಯವಿದ್ದದ್ದು ಮನೆಯ ಏಳು ತಿಂಗಳ ಬಸುರಿ ಸೊಸೆಯ ಬಗ್ಗೆ. ಕೊನೆಯ ಮೂರು ತಿಂಗಳಲ್ಲಿ ಈ ಸೋಂಕು ತಗುಲಿದರೆ ನೂರರಲ್ಲಿ 20-25 ತಾಯಂದಿರವರೆಗೂ ಸಾಯಬಹುದು. ಅವಳೂ ಅದೇ ನಲ್ಲಿಯ ನೀರು ಕುಡಿದವಳು. ಅಂದಿನಿಂದ ಆ ಮನೆಯಲ್ಲಿ ಕುದಿಸಿ ಆರಿಸಿದ ನೀರೇ. ಹತ್ತು ವಾರ ದಾಟಿದೆ, ತಾಯಿ-ಮಗು ಕ್ಷೇಮ.

ಬಾಡಿಗೆ ಮನೆ ನೋಡುವಾಗ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಕೊಳವೆ ಯಾವ ಕಡೆಯಿಂದ ಬರುತ್ತದೆ, ಮೋರಿ ದಾಟುತ್ತದೆಯೇ ಎಂದೂ ಕೇಳಿ. ಓಣಿಯಲ್ಲಿ ಇಬ್ಬರಿಗೆ ಕಾಮಾಲೆ ಬಂದರೆ, ಇಬ್ಬರ ವಿಳಾಸವನ್ನೂ ಹಿಡಿದು ಜಲಮಂಡಳಿಗೆ ದೂರು ಕೊಡಿ. ಸೋರುವ ಜಾಗ ಹುಡುಕಲು ಅವರಿಗೆ ಬೇಕಾಗುವುದು ಅದೇ.