ಐದು ಕೋತಿ, ಒಂದು ಏಣಿ, ಬಾಳೆಹಣ್ಣು: ಆ ‘ಪ್ರಯೋಗ’ ನಿಜವಾಗಿ ನಡೆದಿತ್ತೇ?

ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದರೆ, ಎರಡು ಶಾಖೆ ವಿಲೀನವಾದರೆ ಸಾಕು, ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಈ ಕತೆ ಬಂದು ಬೀಳುತ್ತದೆ. ನಮಗೂ ಬಂದಿದೆ.

ಸಂದೇಶದಲ್ಲಿ ಏನಿದೆ?

ಪಂಜರದಲ್ಲಿ ಐದು ಕೋತಿ. ಬಾಳೆಹಣ್ಣಿಗಾಗಿ ಒಂದು ಏಣಿ ಹತ್ತಿದರೆ ವಿಜ್ಞಾನಿಗಳು ಎಲ್ಲಕ್ಕೂ ತಣ್ಣೀರು ಎರಚುತ್ತಾರೆ. ಕ್ರಮೇಣ ಏಣಿ ಹತ್ತ ಹೋದ ಕೋತಿಗೆ ಉಳಿದವೇ ಹೊಡೆಯುತ್ತವೆ. ಒಂದೊಂದಾಗಿ ಹಳೆಯದನ್ನು ತೆಗೆದು ಹೊಸದನ್ನು ಬಿಡುತ್ತಾರೆ. ಕೊನೆಗೆ ತಣ್ಣೀರು ಕಾಣದ ಕೋತಿಗಳೇ ಉಳಿದರೂ ಹೊಡೆತ ನಿಲ್ಲುವುದಿಲ್ಲ. ನೌಕರರು ಬದಲಾವಣೆ ವಿರೋಧಿಸುವುದೂ ಹೀಗೇ, ಕಾರಣ ಗೊತ್ತಿಲ್ಲದೆ ಎಂಬುದು ಕತೆಯ ನೀತಿ.

ಸತ್ಯ ಏನು?

ಇಂಥ ಪ್ರಯೋಗ ನಡೆದ ದಾಖಲೆ ಇಲ್ಲ. ಇದಕ್ಕೆ ಹತ್ತಿರವಾದದ್ದು 1967ರಲ್ಲಿ ಪ್ರಕಟವಾದ ಸ್ಟೀಫನ್‌ಸನ್ ಅವರ ಅಧ್ಯಯನ. ಅಲ್ಲಿ ಏಣಿ, ಬಾಳೆಹಣ್ಣು, ತಣ್ಣೀರು ಯಾವುದೂ ಇರಲಿಲ್ಲ. ಒಂದು ವಸ್ತುವನ್ನು ಮುಟ್ಟಿದ ಕೋತಿಯ ಮೇಲೆ ಜೋರಾಗಿ ಗಾಳಿ ಊದಲಾಯಿತು. ಅದು ಕಲಿತ ಮೇಲೆ ಏನೂ ಅರಿಯದ ಇನ್ನೊಂದನ್ನು ಜೊತೆಗೆ ಬಿಡಲಾಯಿತು. ಒಂದು ಜೋಡಿಯಲ್ಲಿ ಕಲಿತ ಕೋತಿ ಹೊಸದನ್ನು ಹಿಂದಕ್ಕೆ ಎಳೆಯಿತು. ಎಲ್ಲ ಜೋಡಿಗಳಲ್ಲೂ ಹೀಗಾಗಲಿಲ್ಲ. ಗುಂಪು ಸೇರಿ ಹೊಡೆದದ್ದೂ ಇಲ್ಲ.

ಕತೆಯಿಂದ ತೊಂದರೆ ಏನು?

“ತರಬೇತಿ ಯಾವಾಗ?”, “ನನ್ನ ಕೆಲಸ ಉಳಿಯುತ್ತದೆಯೇ?” ಎಂದು ಕೇಳಿದವರನ್ನು ಈ ಕತೆ ಕೋತಿ ಮಾಡಿಬಿಡುತ್ತದೆ. ಪ್ರಶ್ನೆಗೆ ಉತ್ತರ ಕೊಡುವ ಕೆಲಸ ತಪ್ಪಿತು! ವಿರೋಧಕ್ಕೆ ಸಾಮಾನ್ಯವಾಗಿ ಕಾರಣ ಇದ್ದೇ ಇರುತ್ತದೆ: ಕೆಲಸ ಹೋಗುವ ಭಯ, ಅಧಿಕಾರ ತಪ್ಪುವ ಸಿಟ್ಟು, ಹೊಸದನ್ನು ಕಲಿಸದ ವ್ಯವಸ್ಥೆ.

ನಮ್ಮದೇ ‘ಭೂಮಿ’ ಯೋಜನೆ ನೋಡಿ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 67 ಲಕ್ಷ ರೈತರ ಪಹಣಿಗಳು 2000ದ ಆಸುಪಾಸಿನಲ್ಲಿ ತಾಲೂಕು ಕಚೇರಿಯ ಕಂಪ್ಯೂಟರ್‌ಗೆ ಬಂದವು. ಲೆಕ್ಕಿಗರ ಹಿಡಿತ ಸಡಿಲವಾಗುವ ಬದಲಾವಣೆ ಅದು. ಅದಕ್ಕೆ ಬುದ್ಧಿಮಾತು ಸಾಕಾಗುತ್ತಿರಲಿಲ್ಲ. ಸಿಬ್ಬಂದಿಗೆ ತರಬೇತಿ ಕೊಟ್ಟರು, ಮುದ್ರಿತ ದಾಖಲೆಗಳನ್ನು ಲೆಕ್ಕಿಗರಿಂದಲೇ ಪರಿಶೀಲಿಸಿದರು, ಯಾರು ಏನು ತಿದ್ದಿದರು ಎಂಬುದು ತಿಳಿಯಲು ಬೆರಳಚ್ಚಿನ ಲಾಗಿನ್ ತಂದರು. ಕೊನೆಗೆ ಕೈಬರಹದ ಪಹಣಿಯನ್ನೇ ಅಮಾನ್ಯ ಮಾಡಿದರು. ಕಲಿಯದವರಿಗೆ ಕಲಿಕೆ, ದುರುಪಯೋಗಕ್ಕೆ ತಡೆ: ಒಂದೊಂದು ಕಾರಣಕ್ಕೆ ಒಂದೊಂದು ಮದ್ದು.

ತೀರ್ಮಾನ

ಕೋತಿಗಳ ಕತೆ ಸ್ವಾರಸ್ಯವಾಗಿದೆ, ಆದರೆ ವಿಜ್ಞಾನವಲ್ಲ. ಮುಂದಿನ ಬಾರಿ ಅದು ಬಂದಾಗ ಫಾರ್ವರ್ಡ್ ಮಾಡುವ ಮೊದಲು, ಗುಂಪಿನಲ್ಲಿ ಸಹೋದ್ಯೋಗಿ ಕೇಳಿದ ಪ್ರಶ್ನೆಗೆ ಯಾರಾದರೂ ಉತ್ತರಿಸಿದ್ದಾರೆಯೇ ನೋಡಿ.